ಐರಿಷ್ ರೈತ ಕುಟುಂಬದ ಒಂದು ವರ್ಷ: ದುಡಿಮೆ ಯಾರದು, ಹೆಸರು ಯಾರದು?

ಅಧ್ಯಕ್ಷರಿಗೂ ಸಭೆಗೂ ನಮಸ್ಕಾರ.

2026ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ರೈತ ಮಹಿಳೆ ವರ್ಷವೆಂದು ಘೋಷಿಸಿರುವುದು ತಮಗೆಲ್ಲ ತಿಳಿದೇ ಇದೆ. ಈ ನಿಮಿತ್ತದಲ್ಲಿ ಐರ್ಲೆಂಡಿನ ರೈತ ಕುಟುಂಬಗಳ ಬಗ್ಗೆ ಮಾತನಾಡಲು ನಾನು ಒಪ್ಪಿದ್ದಕ್ಕೆ ಒಂದು ಅಂಕಿ ಕಾರಣ. ಅಲ್ಲಿನ 2020ರ ಕೃಷಿ ಗಣತಿಯ ಪ್ರಕಾರ ಸುಮಾರು 1,35,000 ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿರುವವು ಶೇಕಡ 13ರಷ್ಟು ಮಾತ್ರ. ಆದರೆ ಹೈನು ನೆಚ್ಚಿದ ಮನೆಯೊಂದರ ವರ್ಷವನ್ನು ತಿಂಗಳು ತಿಂಗಳಾಗಿ ನೋಡುತ್ತ ಹೋದರೆ, ಹೆಂಗಸಿನ ಕೈ ಸೋಕದ ಕೆಲಸ ಯಾವುದೆಂದು ಹುಡುಕಬೇಕಾಗುತ್ತದೆ.

ಅಲ್ಲಿ ವಸಂತ ಆರಂಭವಾಗುವುದು ಫೆಬ್ರವರಿ 1ರಂದು, ಸಂತ ಬ್ರಿಜಿಡಳ ದಿನ. ದನಕರುಗಳನ್ನೂ ಹಾಲುಹೈನನ್ನೂ ಕಾಯುವವಳು ಅವಳೆಂಬ ನಂಬಿಕೆಯಿಂದ ಜೊಂಡಿನಲ್ಲಿ ಶಿಲುಬೆ ಹೆಣೆದು ಮನೆಯ ಬಾಗಿಲ ಮೇಲೂ ಕೊಟ್ಟಿಗೆಯಲ್ಲೂ ಕಟ್ಟುತ್ತಾರೆ. 2023ರಿಂದ ಈ ಹಬ್ಬಕ್ಕೆ ಸರ್ಕಾರಿ ರಜೆಯೂ ಇದೆ. ರಜೆ ದೇಶಕ್ಕೆ, ರೈತರ ಮನೆಗಲ್ಲ, ಏಕೆಂದರೆ ಕರು ಹಾಕುವ ಕಾಲ ಅದೇ. ಕೊಂಡು ತಂದ ಹಿಂಡಿಗಿಂತ ಹೊಲದ ಹುಲ್ಲು ಅಗ್ಗವಾದ್ದರಿಂದ, ಮೇ ತಿಂಗಳಲ್ಲಿ ಹುಲ್ಲು ಉಕ್ಕುವ ಹೊತ್ತಿಗೆ ಹಾಲೂ ಉಕ್ಕಬೇಕೆಂದು ಬಹುಪಾಲು ಹಸುಗಳು ಫೆಬ್ರವರಿ, ಮಾರ್ಚ್‌ಗಳಲ್ಲೇ ಈಯುವಂತೆ ನೋಡಿಕೊಳ್ಳುತ್ತಾರೆ.

ಲಿಮೆರಿಕ್ ಕೌಂಟಿಯ ಒಂದು ಮನೆಯಲ್ಲಿ ಕಂಡ ರಾತ್ರಿಯನ್ನು ಎಷ್ಟು ಸಭೆಗಳಲ್ಲಿ ಹೇಳಿದರೂ ನನಗೆ ತೃಪ್ತಿಯಿಲ್ಲ. ಹೊರಗೆ ಎಡೆಬಿಡದ ಮಳೆ. ಮನೆಯ ಯಜಮಾನ ಹಿಂದಿನೆರಡು ರಾತ್ರಿ ನಿದ್ದೆಗೆಟ್ಟು ಮಲಗಿದ್ದರು. ಕೊಟ್ಟಿಗೆಯಲ್ಲಿದ್ದವರು ಅವರ ಹೆಂಡತಿ. ಕರುವಿನ ಮುಂಗಾಲುಗಳು, ಆಮೇಲೆ ಮೂತಿ ಕಾಣಿಸಿದವು. ಹಸು ತಿಣುಕಿದಾಗಲೆಲ್ಲ ಆಕೆ ಹಗ್ಗವನ್ನು ತುಸು ಜಗ್ಗಿ, ಅದು ಸುಮ್ಮನಾದಾಗ ತಾವೂ ನಿಲ್ಲಿಸುತ್ತಿದ್ದರು. ನೆಲಕ್ಕೆ ಬಿದ್ದ ಕರು ಉಸಿರಾಡಲಿಲ್ಲ. ಆಕೆ ಗಾಬರಿಯಾಗದೆ ಒಂದು ಹುಲ್ಲುಕಡ್ಡಿಯನ್ನು ಅದರ ಮೂಗಿನ ಹೊಳ್ಳೆಯೊಳಗೆ ಆಡಿಸಿದರು. ಕರು ಸೀನಿತು, ತಲೆ ಕೊಡವಿತು. ಹೊಕ್ಕುಳಿಗೆ ಅಯೋಡಿನ್ ಹಚ್ಚಿದ ಮೇಲೆ ಗಿಣ್ಣಿನ ಸರದಿ: ಮೊದಲ ಕರಾವಿನದೇ ಆಗಬೇಕು, 2 ಗಂಟೆಯೊಳಗೆ ಕುಡಿಸಬೇಕು, 3 ಲೀಟರ್ ಹೊಟ್ಟೆಗಿಳಿಯಬೇಕು. ಹುಟ್ಟಿದ ಕರುವಿಗೆ ಸ್ವಂತ ರೋಗನಿರೋಧಕ ಶಕ್ತಿ ಇಲ್ಲದಿರುವುದರಿಂದಲೂ, ಗಿಣ್ಣಿನಿಂದ ಅದನ್ನು ಹೀರಿಕೊಳ್ಳುವ ಶಕ್ತಿ ಗಂಟೆ ಗಂಟೆಗೂ ಕುಗ್ಗುವುದರಿಂದಲೂ ಈ ಆತುರ. ಇಪ್ಪತ್ತು ದಿನದೊಳಗೆ ಆ ಕರುವಿಗೆ ಗುರುತಿನ ಕಿವಿಯೋಲೆ ಹಾಕಿ, ಬಳಿಕ ನೋಂದಾಯಿಸಬೇಕು. ನೋಂದಣಿಯಾದದ್ದು ಮಲಗಿದ್ದ ಯಜಮಾನರ ಹೆಸರಿನಲ್ಲಿ. ಅವರ ಮೇಲೆ ನನಗೆ ದೂರಿಲ್ಲ. ನನ್ನ ತಕರಾರು ಕಾಗದದ ಮೇಲೆ.

ಈ ತಕರಾರಿಗೆ ಇತಿಹಾಸವಿದೆ. ಮನೆಯಲ್ಲಿ ಬೆಣ್ಣೆ ಕಡೆಯುತ್ತಿದ್ದ ಕಾಲದಲ್ಲಿ ಬೆಣ್ಣೆಯ, ಮೊಟ್ಟೆಯ ದುಡ್ಡು ಬಹುಮಟ್ಟಿಗೆ ಗೃಹಿಣಿಯದಾಗಿತ್ತು. 1889ರಲ್ಲಿ ಇದೇ ಲಿಮೆರಿಕ್‌ನ ಡ್ರಮ್‌ಕಾಲೊಹರ್‌ನಲ್ಲಿ ಮೊದಲ ಸಹಕಾರಿ ಕ್ರೀಮರಿ, ಅಂದರೆ ರೈತರ ಹಾಲು ಕೊಂಡು ಬೆಣ್ಣೆ ತೆಗೆಯುವ ಕಾರ್ಖಾನೆ, ಆರಂಭವಾಯಿತು. ಸಹಕಾರಿ ಚಳವಳಿ ರೈತನಿಗೆ ಮಾಡಿದ ಉಪಕಾರವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಬೆಣ್ಣೆ ಕ್ರೀಮರಿಗೆ ಹೋದಂತೆ ಹಾಲಿನ ದುಡ್ಡು ಗಂಡನ ಕೈಸೇರಿತು, ಕರೆಯುವ ಕೆಲಸವೂ ಕರು ಸಾಕುವ ಕೆಲಸವೂ ಹೆಂಡತಿಗೆ ಉಳಿದವು. ಗಂಡ ತೀರಿಕೊಂಡರೆ ಉಯಿಲಿನಲ್ಲಿ ಏನಿದ್ದರೂ ವಿಧವೆಗೆ ಆಸ್ತಿಯಲ್ಲಿ ಪಾಲು ಸಿಗಲೇಬೇಕೆಂಬ ಕಾನೂನು ಬಂದದ್ದು 1965ರಲ್ಲಿ.

ಮೇ ಕೊನೆಗೆ ಸೈಲೇಜ್, ಅಂದರೆ ಹಸಿ ಹುಲ್ಲನ್ನು ಹುಳಿಸಿ ಕಾಪಿಡುವ ಮೇವು. ಹುಲ್ಲು ಕೊಯ್ದು, ತುಸು ಬಾಡಿಸಿ, ಗುಂಡಿಗೆ ತುಂಬಿ, ಟ್ರ್ಯಾಕ್ಟರ್ ಓಡಿಸಿ ಅದುಮಿ, ಕಪ್ಪು ಪ್ಲಾಸ್ಟಿಕ್ ಹೊದಿಸಿ ಹಳೆಯ ಟೈರ್ ಹೇರುತ್ತಾರೆ. ಹಿಂದೆ ನೆರೆಹೊರೆಯವರು ಮುಯ್ಯಾಳುಗಳಾಗಿ ಕೂಡುತ್ತಿದ್ದರು. ಅದಕ್ಕೆ ಅವರು ಮೆಹೆಲ್ ಎನ್ನುತ್ತಾರೆ. ಈಗ ಬಾಡಿಗೆ ಯಂತ್ರಗಳ ತಂಡ ಬರುತ್ತದೆ. ತಂಡಕ್ಕೆ ಹೊತ್ತುಹೊತ್ತಿಗೆ ಊಟ ಬಡಿಸುವವರು ಬದಲಾಗಿಲ್ಲ. ಚಳಿಗಾಲದ ಮೇವು ಈ ಗುಂಡಿಯಲ್ಲೇ ಇರುತ್ತದೆ. 2018ರಲ್ಲಿ ಮಾರ್ಚ್‌ನ ಹಿಮದಿಂದ ಹುಲ್ಲು ತಡವಾಗಿ, ಬೇಸಿಗೆಯಲ್ಲಿ ಬರ ಬಿದ್ದಾಗ ಮೇವಿಗೆ ಹಾಹಾಕಾರವಾಯಿತು. ಅಂಥ ವರ್ಷಗಳಲ್ಲಿ ಎಷ್ಟೋ ಮನೆಗಳು ನಿಂತದ್ದು ನರ್ಸ್ ಆಗಿಯೋ ಶಿಕ್ಷಕಿಯಾಗಿಯೋ ಹೊರಗೆ ದುಡಿಯುವ ಹೆಂಡತಿಯ ಸಂಬಳದ ಮೇಲೆ.

ಸಮಯ ಮುಗಿಯುತ್ತಿದೆಯೆಂದು ಚೀಟಿ ಬಂದಿದೆ. ಉಳಿದ ತಿಂಗಳುಗಳನ್ನು ಬೇಗ ದಾಟುತ್ತೇನೆ. ಸೆಪ್ಟೆಂಬರ್‌ನಲ್ಲಿ 1931ರಿಂದ ನಡೆದುಬಂದ ರಾಷ್ಟ್ರೀಯ ಉಳುಮೆ ಸ್ಪರ್ಧೆ. ಅಕ್ಟೋಬರ್‌ನಿಂದ ಜನವರಿ ಮಧ್ಯದವರೆಗೆ ಗಂಜಲ ಬೆರೆತ ಸಗಣಿಗೊಬ್ಬರವನ್ನು ಹೊಲಕ್ಕೆ ಬಿಡುವಂತಿಲ್ಲ. ನವೆಂಬರ್ ಹೊತ್ತಿಗೆ ನೆಲ ಕೆಸರಾಗಿ ದನಗಳು ಕೊಟ್ಟಿಗೆ ಸೇರುತ್ತವೆ. ಡಿಸೆಂಬರ್‌ನಲ್ಲಿ ಹಾಲು ಬತ್ತಿಸಿದ ಮೇಲೆ ಕರೆಯುವ ಕೆಲಸಕ್ಕೆ ಕೆಲವು ವಾರ ಬಿಡುವು. ಆಗ ಲೆಕ್ಕಪತ್ರಗಳು ಅಡುಗೆಮನೆಯ ಮೇಜಿಗೆ ಬರುತ್ತವೆ, ಬರೆಯುವವರು ಸಾಮಾನ್ಯವಾಗಿ ಗೃಹಿಣಿಯೇ.

ಅಲ್ಲಿನ ಸರ್ಕಾರ 41ರಿಂದ 66 ವರ್ಷದ ರೈತ ಮಹಿಳೆಯರಿಗೆ ಕೊಟ್ಟಿಗೆ, ಯಂತ್ರೋಪಕರಣಗಳಿಗಾಗಿ ಶೇಕಡ 60ರ ಸಹಾಯಧನ ಘೋಷಿಸಿದೆ. ಒಳ್ಳೆಯದೇ. ಆದರೆ ಅದನ್ನು ಕೇಳಲು ಮೊದಲು ಆಕೆಯ ಹೆಸರು ಕಾಗದದಲ್ಲಿರಬೇಕು. ದನಗಳ ಹಿಂಡಿನ ನೋಂದಣಿ ಸಂಖ್ಯೆಯನ್ನು ಗಂಡಹೆಂಡಿರ ಜಂಟಿ ಹೆಸರಿನಲ್ಲಿ ಮಾಡಿಸಲು ಅವಕಾಶವಿದೆ. ಅದು ಮನೆಯವರು ಮನಸ್ಸು ಮಾಡಿದರೆ ಆಗುವ ಕೆಲಸವಾಗಿರಬಾರದು, ಮದುವೆಯಾದ ಕೂಡಲೇ ತಾನಾಗಿ ಆಗುವ ನಿಯಮವಾಗಬೇಕೆಂಬುದು ನನ್ನ ವಾದ. ಇದನ್ನು ಒಪ್ಪದವರೂ ಸಭೆಯಲ್ಲಿ ಇರಬಹುದು. ಪ್ರಶ್ನೋತ್ತರಕ್ಕೆ ಉಳಿದ ಸಮಯವನ್ನು ಅವರಿಗೇ ಬಿಟ್ಟುಕೊಡುತ್ತೇನೆ.