ಬಾಡಿಗೆ ಮನೆ: ಖರ್ಚು ಮೊದಲು ಬರೆಯಿರಿ

ಕೇಳುಗರಿಗೆ ನಮಸ್ಕಾರ. ನಮ್ಮ ಮೈಸೂರಿನ ಬೋಗಾದಿ ಕಡೆಯೋ ಹೂಟಗಳ್ಳಿ ಕಡೆಯೋ ಒಂದು ಮನೆ ತಗೊಂಡು ಬಾಡಿಗೆಗೆ ಕೊಡೋಣ ಅಂತ ಲೆಕ್ಕ ಹಾಕುತ್ತಿರುವವರು ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ನಿವೃತ್ತಿ ಹಣ ಕೈಗೆ ಬಂದಿದೆ, ಬ್ಯಾಂಕ್ ಬಡ್ಡಿ ಸಾಲದು ಅನಿಸಿದೆ. ನಾನು ಹೇಳುವುದು ಇಷ್ಟೇ. ತಿಂಗಳ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಬೇಡಿ, ಹತ್ತರಿಂದ ಗುಣಿಸಿ. 12,000 ಬಾಡಿಗೆ ಅಂದರೆ ವರ್ಷಕ್ಕೆ 1,44,000 ಅಲ್ಲ, 1,20,000. ಉಳಿದದ್ದು ಖರ್ಚಿಗೆ.

ನನಗೆ ಗೊತ್ತಿರುವ ಮೇಷ್ಟ್ರೊಬ್ಬರು ಕೆಳಗೆ ತಾವಿದ್ದು, ಮೇಲೆ ಎರಡು ಮನೆ ಕಟ್ಟಿಸಿದರು. ಮನೆಗೊಂದು ಕರೆಂಟ್ ಮೀಟರ್ ಹಾಕಿಸಿದರು. ಜಾಣತನವೇ. ಆದರೆ ಸಂಪಿನ ಮೋಟಾರಿನ ವೈರನ್ನು ಎಲೆಕ್ಟ್ರಿಷಿಯನ್ ಮೇಷ್ಟ್ರ ಮೀಟರಿಗೇ ಎಳೆದುಬಿಟ್ಟ. ಮೇಲಿನ ಮನೆಯವರು ವಾಷಿಂಗ್ ಮೆಷಿನ್ ತಿರುಗಿಸುತ್ತಾರೆ, ಕೆಳಗೆ ಇವರ ಮೋಟಾರು ಓಡುತ್ತದೆ. ಬೇಸಿಗೆಯಲ್ಲಿ ಇವರ ಬಿಲ್ಲು 200 ಯೂನಿಟ್ ದಾಟಿತು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಗೊತ್ತಲ್ಲ, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬಾಡಿಗೆದಾರರನ್ನು ಕೇಳಿದರೆ, “ಸಾರ್, ಅಗ್ರಿಮೆಂಟಿನಲ್ಲಿ ನೀರು ಸೇರಿ ಅಂತ ನೀವೇ ಬರೆಸಿದ್ದೀರಲ್ವಾ?” ಅಂದರು. ಅದೂ ನಿಜವೇ. ನಲ್ಲಿಯಲ್ಲಿ ನೀರು ಬಾರದ ದಿನ ಟ್ಯಾಂಕರ್ ತರಿಸಿದ್ದೂ ಮೇಷ್ಟ್ರ ಜೇಬಿನಿಂದಲೇ.

ಆಷಾಢಕ್ಕೆ ಮುಂಚೆ ಒಂದು ಮನೆ ಖಾಲಿಯಾಯಿತು. ನಮ್ಮೂರಿನಲ್ಲಿ ಆಷಾಢದಲ್ಲಿ ಯಾರು ಹಾಲು ಉಕ್ಕಿಸುತ್ತಾರೆ ಹೇಳಿ! ಬೋರ್ಡು ನೇತಾಡುತ್ತಲೇ ಇತ್ತು. ಅಷ್ಟರಲ್ಲಿ ಆ ಮನೆಯ ಕರೆಂಟ್ ಬಿಲ್ ಬಂತು. “ಒಂದು ಬಲ್ಬೂ ಹಾಕಿಲ್ಲ ಕಣ್ರೀ, ದುಡ್ಡು ಕೇಳ್ತಾರೆ!” ಅಂತ ನನಗೆ ಫೋನ್ ಮಾಡಿ ರೇಗಿದರು. ಅದು ನಿಗದಿತ ಶುಲ್ಕ. ಮನೆಗೆ ಎಷ್ಟು ಲೋಡ್ ಮಂಜೂರಾಗಿದೆಯೋ, ಅದರ ಒಂದೊಂದು ಕಿಲೋವ್ಯಾಟಿಗೆ ಇಷ್ಟು ಅಂತ ಬರುತ್ತದೆ, ಬಲ್ಬು ಉರಿದರೂ ಉರಿಯದಿದ್ದರೂ. ಮನೆಗೆ ಸುಮ್ನೆ ಹೆಚ್ಚು ಕಿಲೋವ್ಯಾಟ್ ಬರೆಸಿಕೊಂಡಿದ್ದರೆ ಆ ಶುಲ್ಕವೂ ಜಾಸ್ತಿ. ಶ್ರಾವಣದಲ್ಲಿ ಬಾಡಿಗೆದಾರರು ಸಿಕ್ಕರು. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಹೋಯಿತು. ಸುಣ್ಣಬಣ್ಣ, ಸೋರುವ ನಲ್ಲಿ, ಬಾತ್‌ರೂಮಿನ ಬಾಗಿಲು, ಅದು ಬೇರೆ. ಈಗ ಹೇಳಿ, ಹತ್ತರಿಂದ ಗುಣಿಸಿ ಅಂದದ್ದು ಜಾಸ್ತಿಯಾಯಿತೇ?

ಮೇಷ್ಟ್ರ ಕಥೆಯಲ್ಲೇ ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಬೇಗ ಬೇಗ ಹೇಳಿಬಿಡುತ್ತೇನೆ. ಮೋಟಾರಿಗೆ, ಮೆಟ್ಟಿಲ ದೀಪಕ್ಕೆ ಬೇರೆ ಮೀಟರ್ ಹಾಕಿಸಿ. ಅದರ ಬಿಲ್ಲು ಹೇಗೆ ಹಂಚಿಕೊಳ್ಳಬೇಕು ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ಪಾಲಿಕೆಯ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇದೆ. ಆದಾಯ ತೆರಿಗೆಯಲ್ಲಿ, ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇಕಡಾ 30 ಬಿಡುತ್ತಾರೆ. ರಿಪೇರಿಗೆ ನೀವು ಎಷ್ಟೇ ಖರ್ಚು ಮಾಡಿರಿ, ಬಿಡುವುದು ಅಷ್ಟೇ. ಟ್ಯಾಂಕರ್ ಚೀಟಿ ಜೋಡಿಸಿಕೊಂಡು ಆಡಿಟರ್ ಹತ್ತಿರ ಹೋದರೆ ಪ್ರಯೋಜನವಿಲ್ಲ.

ಕಟ್ಟಿದ ಮನೆ ಕೊಳ್ಳುವವರು ಮಾರುವವರಿಂದ ಹಿಂದಿನ ಒಂದು ವರ್ಷದ ಕರೆಂಟ್ ಬಿಲ್ಲು, ನೀರಿನ ಬಿಲ್ಲು ಕೇಳಿ ಪಡೆಯಿರಿ. ಮಾರ್ಚ್, ಏಪ್ರಿಲ್ ಬಿಲ್ಲು ಅದರಲ್ಲಿ ಇರಲೇಬೇಕು. ಅಡ್ವಾನ್ಸ್ ಕೊಡುವ ಮಾತು ಆಮೇಲೆ. ನಮಸ್ಕಾರ.