ಎರೆ ಹೊಲಕ್ಕೆ ಕಿಟ್ಟ ಬೇಡ, ಅಮೋನಿಯಂ ಸಲ್ಫೇಟ್ ಹಾಕಿ

ಬಳ್ಳಾರಿ ಕಡೆ ಉಕ್ಕಿನ ಕಾರ್ಖಾನೆಗಳಿವೆ, ಅಲ್ಲಿ ಉಕ್ಕು ಕರಗಿಸಿದಾಗ ಉಳಿಯುವ ಕಿಟ್ಟ (ಸ್ಲ್ಯಾಗ್) ಪುಡಿ ಮಾಡಿ ಹೊಲಕ್ಕೆ ಹಾಕಿದ್ರೆ ಗೊಬ್ಬರ ಆಗಲ್ವಾ? ದಾವಣಗೆರೆ, ಚಿತ್ರದುರ್ಗದ ಎರೆ ಹೊಲದವರಿಗೆ ನನ್ನ ಉತ್ತರ: ಬೇಡ.

ಕಿಟ್ಟ ಗೊಬ್ಬರವೇ ಅಲ್ಲ ಅಂತಲ್ಲ. 1870ರ ದಶಕದ ಕೊನೆಗೆ ಇಂಗ್ಲೆಂಡಿನ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಕಂಡುಕೊಂಡ ವಿಧಾನದಲ್ಲಿ ಬಂದ ಕಿಟ್ಟದಲ್ಲಿ ರಂಜಕ ತುಂಬಿತ್ತು. ಯುರೋಪಿನ ಹುಳಿ ಮಣ್ಣಿಗೆ ಅದು ಒಗ್ಗಿತು. ಇವತ್ತಿನ ಕಿಟ್ಟದಲ್ಲಿ ರಂಜಕ ಸಾಮಾನ್ಯವಾಗಿ ನೂರಕ್ಕೆ 1ರಿಂದ 3, ಸುಣ್ಣ 40ರಿಂದ 50. ನಮ್ಮ ಎರೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಎಷ್ಟೋ ಕಡೆ 8 ದಾಟಿದೆ. ಅಲ್ಲಿಗೆ ಮತ್ತೆ ಸುಣ್ಣ ಸುರಿದ್ರೆ ರಂಜಕ ಮಣ್ಣಲ್ಲೇ ಕಟ್ಟಿಕೊಳ್ಳುತ್ತೆ, ಸತು ಸಿಗದೆ ಮೆಕ್ಕೆಜೋಳದ ಸುಳಿ ಬೆಳ್ಳಗಾಗುತ್ತೆ, ಕಬ್ಬಿಣ ಸಿಗದೆ ಶೇಂಗಾ ಹಳದಿಯಾಗುತ್ತೆ. ಕಿಟ್ಟದಲ್ಲಿ ಕಬ್ಬಿಣ ಇದೆಯಲ್ಲ ಅಂತೀರಾ? ಇದೆ, ಆದ್ರೆ ಆಕ್ಸೈಡ್ ರೂಪದಲ್ಲಿ. ಈ ಪಿಎಚ್‌ನಲ್ಲಿ ಬೇರಿಗೆ ಅದು ದಕ್ಕಲ್ಲ. ಹಳದಿಯಾದ ಶೇಂಗಾಕ್ಕೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಸಿಂಪಡಿಸಿ.

ಉಕ್ಕಿನ ಕಾರ್ಖಾನೆಯಿಂದ ನಮ್ಮ ಮಣ್ಣಿಗೆ ಬೇಕಾದ್ದು ಬೇರೆಯೇ ಇದೆ. ಕಲ್ಲಿದ್ದಲನ್ನ ಗಾಳಿ ತಾಗದಂತೆ ಕಾಯಿಸಿ ಕಬ್ಬಿಣದ ಕುಲುಮೆಗೆ ಬೇಕಾದ ಕೋಕ್ ಮಾಡುವಾಗ ಅನಿಲದ ಜೊತೆ ಅಮೋನಿಯ ಬರುತ್ತೆ. ಅದನ್ನ ಗಂಧಕಾಮ್ಲದಲ್ಲಿ ಹಿಡಿದ್ರೆ ಅಮೋನಿಯಂ ಸಲ್ಫೇಟ್. 50 ಕೆಜಿ ಚೀಲದಲ್ಲಿ ಸಾರಜನಕ ಸುಮಾರು 10.3 ಕೆಜಿ, ಗಂಧಕ 11.5 ಕೆಜಿ. ಎರಡು ಚೀಲ ಹಾಕಿದ್ರೆ 45 ಕೆಜಿಯ ಒಂದು ಚೀಲ ಯೂರಿಯಾದಷ್ಟು ಸಾರಜನಕ. ಜೊತೆಗೆ ಈರುಳ್ಳಿಗೂ ಶೇಂಗಾಕ್ಕೂ ಬೇಕೇ ಬೇಕಾದ ಗಂಧಕ. ಇಡೀ ಹೊಲದ ಪಿಎಚ್ ಇಳಿಯುತ್ತೆ ಅಂತ ನಂಬಬೇಡಿ, ಬೇರಿನ ಸುತ್ತ ಸ್ವಲ್ಪ ಹುಳಿಯಾಗುತ್ತೆ ಅಷ್ಟೆ. ಅಷ್ಟಾದ್ರೂ ಉಪಕಾರವೇ.

ಅಮೋನಿಯಂ ಸಲ್ಫೇಟನ್ನ ಮೇಲೆ ಎರಚಿ ಬಿಟ್ಟು ಬರಬೇಡಿ. ಸುಣ್ಣದ ಮಣ್ಣಲ್ಲಿ ಅಮೋನಿಯ ಗಾಳಿಗೆ ಹಾರಿಹೋಗುತ್ತೆ. ಸಾಲಿನ ಪಕ್ಕ ಹಾಕಿ, ಅವತ್ತೇ ಎಡೆಕುಂಟೆ ಹೊಡೆದು ಮುಚ್ಚಿ, ಇಲ್ಲವೇ ನೀರು ಕೊಡಿ. ಇದನ್ನ ಕಿಟ್ಟದ ಪುಡಿ ಜೊತೆಗಾಗಲಿ ಸುಣ್ಣದ ಜೊತೆಗಾಗಲಿ ಎಂದೂ ಬೆರೆಸಬೇಡಿ; ಮೂಗಿಗೆ ಘಾಟು ಬಡಿಯಿತು ಅಂದ್ರೆ ದುಡ್ಡು ಕೊಟ್ಟ ಸಾರಜನಕ ಹೋಯ್ತು ಅಂತಲೇ ಲೆಕ್ಕ. ಈರುಳ್ಳಿ ಗೆಡ್ಡೆ ಬಲಿಯುವಾಗಲೂ ಕೊಡಬೇಡಿ. ಕುತ್ತಿಗೆ ದಪ್ಪವಾಗಿ, ಸರಿಯಾಗಿ ಒಣಗದೆ, ಶೆಡ್ಡಲ್ಲಿ ಕೊಳೆಯುತ್ತೆ.

ಕೆಮ್ಮಣ್ಣಿನವರು ಮಾತ್ರ ಮೊದಲು ಮಣ್ಣು ಪರೀಕ್ಷೆ ಮಾಡಿಸಿ: ಎಕರೆಗೆ ಎಂಟ್ಹತ್ತು ಕಡೆ ಆರಿಂಚು ಆಳದ ಮಣ್ಣು ತೆಗೆದು, ಕಲೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ತಗೊಂಡು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರವಾದ ಬಬ್ಬೂರು ಫಾರಂಗೋ ಹೋಗಿ. ಪಿಎಚ್ 6ಕ್ಕಿಂತ ಕೆಳಗಿದ್ರೆ ಮಾತ್ರ ಕಿಟ್ಟದ ಮಾತು. ಆಗಲೂ ಹಿಟ್ಟಿನಷ್ಟು ನುಣುಪಾಗಿರಲಿ, ಬಿತ್ತನೆಗೆ ತಿಂಗಳು ಮುಂಚೆ ಮಣ್ಣಿಗೆ ಸೇರಲಿ. ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ ಎಷ್ಟಿದೆ ಅನ್ನೋ ಪರೀಕ್ಷಾ ವರದಿ ಕೊಡದೆ ಲಾರಿ ತಂದವರನ್ನ ಬದುವಿನಿಂದಲೇ ವಾಪಸ್ ಕಳಿಸಿ.