ಈ ಚಿತ್ರ ಬಿಡಿಸಿದ್ದು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿತ್ರ ಬಿಡಿಸುತ್ತೇನೆ. ನಮ್ಮವರೂ ಚಿತ್ರ ಬಿಡಿಸುತ್ತಾರೆ. ಇಬ್ಬರೂ ಸೇರಿ ಒಂದು ಸಣ್ಣ ಸ್ಟುಡಿಯೋ ನಡೆಸುತ್ತಿದ್ದೇವೆ. ಸ್ಟುಡಿಯೋ ಅಂದರೆ ಒಂದು ಕೋಣೆ, ಎರಡು ಮೇಜು, ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಅಷ್ಟೇ. ಪುಸ್ತಕದ ಮುಖಪುಟ, ಮಕ್ಕಳ ಪುಸ್ತಕದ ಒಳಚಿತ್ರಗಳು, ಲೋಗೋ, ಡಬ್ಬಿಗೆ ಅಂಟಿಸುವ ಲೇಬಲ್, ಏನು ಬಂದರೂ ಮಾಡುತ್ತೇವೆ. ಕೆಲಸಕ್ಕೆ ಮೂರನೆಯವರು ಅಂತ ಯಾರೂ ಇಲ್ಲ.

ನಮ್ಮ ಕೆಲಸ ನೋಡಿದವರು ಮೊದಲು ಕೇಳುವುದು ಒಂದೇ ಮಾತು. “ಇದನ್ನ ಬಿಡಿಸಿದ್ದು ನೀವಾ, ಅವರಾ?” ಸುಮ್ನೆ ಕುತೂಹಲಕ್ಕೆ ಕೇಳುತ್ತಾರೆ, ತಪ್ಪೇನಿಲ್ಲ. ಆದರೆ ಗಂಡ ಹೆಂಡತಿ ಒಂದೇ ಕೆಲಸ ಮಾಡುವ ಮನೆಯಲ್ಲಿ ಈ ಪ್ರಶ್ನೆ ಅಷ್ಟು ಸಣ್ಣದಲ್ಲ. ನಮ್ಮ ಜಗಳ, ನಮ್ಮ ಖುಷಿ ಎರಡೂ ಅದರಲ್ಲೇ ಇವೆ.

ಒಂದು ಚಿತ್ರದ ವಿಷಯ ಹೇಳುತ್ತೇನೆ. ಮಕ್ಕಳ ಪುಸ್ತಕಕ್ಕೆ ಬೇಕಾಗಿದ್ದ ಚಿತ್ರ. ನಡುರಾತ್ರಿ ಏನೋ ಸದ್ದಾಗಿದೆ, ಒಬ್ಬ ಹುಡುಗಿ ಹಾಸಿಗೆಯಲ್ಲಿ ಎದ್ದು ಕೂತಿದ್ದಾಳೆ. ಪೆನ್ಸಿಲ್ ಕೆಲಸ ನನ್ನದು. ಅವಳ ಹಿಂದೆ ಒಂದು ಕಿಟಕಿ ಹಾಕಿದ್ದೆ. ಅದಕ್ಕೆ ಸರಳು, ಆಚೆ ಒಂದು ಕೊಂಬೆ, ಕೊಂಬೆಯ ಸಂದಿಯಲ್ಲಿ ಚಂದ್ರ. ಒಂದೊಂದು ಎಲೆಯನ್ನೂ ಬಿಡಿಬಿಡಿಯಾಗಿ ಬಿಡಿಸಿದ್ದೆ. ಇಡೀ ಸಂಜೆ ಅದಕ್ಕೇ ಹೋಗಿತ್ತು. ಬಣ್ಣ ಹಾಕುವುದು ಅವರ ಪಾಲು. ಮಾರನೇ ದಿನ ಫೈಲ್ ತೆರೆದು ನೋಡಿದರೆ ಕಿಟಕಿಯೇ ಇಲ್ಲ. ಹಿಂದೆಲ್ಲ ಬರೀ ಕಡುನೀಲಿ ಗೋಡೆ.

“ರೀ, ಕಿಟಕಿ ಎಲ್ಲಿ?”

“ತೆಗೆದೆ. ಲೇಯರ್ ಹಾಗೇ ಇದೆ, ಬೇಕಾದ್ರೆ ಆನ್ ಮಾಡ್ಕೋ.”

ಲೇಯರ್ ಅಂದರೆ ಕಂಪ್ಯೂಟರ್ ಚಿತ್ರದ ಒಂದು ಪದರ, ಅದನ್ನು ಬೇಕಾದಾಗ ತೋರಿಸಬಹುದು, ಬೇಡವಾದಾಗ ಮರೆಮಾಡಬಹುದು. ಅರ್ಧ ದಿನ ನಾನು ಅವರ ಹತ್ತಿರ ಮಾತಾಡಲಿಲ್ಲ. ಮಧ್ಯಾಹ್ನ ಒಬ್ಬಳೇ ಕೂತು ಆ ಲೇಯರ್ ಆನ್ ಮಾಡಿದೆ, ಆಫ್ ಮಾಡಿದೆ, ಮತ್ತೆ ಆನ್ ಮಾಡಿದೆ. ಕಿಟಕಿ ಇದ್ದಾಗ ಕಣ್ಣು ಚಂದ್ರನ ಕಡೆಗೆ ಹೋಗುತ್ತಿತ್ತು. ಹುಡುಗಿ ಬೆಳದಿಂಗಳು ನೋಡಲು ಎದ್ದವಳ ಹಾಗೆ ಕಾಣುತ್ತಿದ್ದಳು. ಕಿಟಕಿ ಇಲ್ಲದಾಗ ಕಣ್ಣು ನೇರ ಅವಳ ಮುಖಕ್ಕೇ ಹೋಗುತ್ತಿತ್ತು. ಕತೆಗೆ ಬೇಕಾಗಿದ್ದು ಅವಳ ಹೆದರಿಕೆ, ಅಲ್ವಾ? ಅದು ಆಗ ಕಂಡಿತು. ನಾನು ಅವಳ ಕೈ ತಿದ್ದಿದೆ. ಹೊದಿಕೆಯನ್ನು ಎರಡು ಮುಷ್ಟಿಯಲ್ಲೂ ಬಿಗಿಯಾಗಿ ಹಿಡಿದ ಹಾಗೆ ಮಾಡಿದೆ. ಅದನ್ನು ನೋಡಿ ಅವರು ಮುಷ್ಟಿಯ ಸುತ್ತ ಹೊದಿಕೆಗೆ ನೆರಿಗೆ ಎಳೆದರು. ಈಗ ಹೇಳಿ, ಈ ಚಿತ್ರ ಬಿಡಿಸಿದ್ದು ಯಾರು? ನಾನು ಅತಿ ಹೆಚ್ಚು ಹೊತ್ತು ಕೂತು ಬಿಡಿಸಿದ್ದು ಕಿಟಕಿ. ಅದು ಅಚ್ಚಾದ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಇದಕ್ಕೆ ಬಹಳ ಚೆಂದದ ಉತ್ತರ ಕೊಟ್ಟವರು ಅಮೆರಿಕದ ಚಿತ್ರಕಾರ ದಂಪತಿ ಲಿಯೋ ಡಿಲ್ಲನ್ ಮತ್ತು ಡಯಾನ್ ಡಿಲ್ಲನ್. ಇಬ್ಬರೂ ಹುಟ್ಟಿದ್ದು 1933ರ ಮಾರ್ಚ್‌ನಲ್ಲಿ, ಬರೀ 11 ದಿನ ಆಚೀಚೆ. ನ್ಯೂಯಾರ್ಕ್‌ನ ಪಾರ್ಸನ್ಸ್ ಕಲಾಶಾಲೆಯಲ್ಲಿ ಓದುತ್ತಿದ್ದಾಗ ಲಿಯೋ ಒಂದು ವಿದ್ಯಾರ್ಥಿ ಪ್ರದರ್ಶನಕ್ಕೆ ಹೋದರು. ಗೋಡೆಯ ಮೇಲೆ ಒಂದು ಕುರ್ಚಿಯ ಚಿತ್ರ. ಇದನ್ನು ಬಿಡಿಸಿದವರು ನನಗಿಂತ ಎಷ್ಟೋ ಮುಂದಿದ್ದಾರೆ ಅಂತ ಅವರಿಗೆ ಅನ್ನಿಸಿತು. ಯಾರಪ್ಪಾ ಅಂತ ಹುಡುಕಿದರೆ ಅದು ಡಯಾನ್. ಆಮೇಲೆ ಇಬ್ಬರಿಗೂ ಪೈಪೋಟಿಯೋ ಪೈಪೋಟಿ. ಜೊತೆಗೇ ಪ್ರೀತಿ. 1957ರಲ್ಲಿ ಮದುವೆಯಾದರು. ಲಿಯೋ ಕಪ್ಪು ಜನಾಂಗದವರು, ಡಯಾನ್ ಬಿಳಿಯರು. ಆಗ ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಮದುವೆಗೆ ಕಾನೂನಿನ ಒಪ್ಪಿಗೆಯೇ ಇರಲಿಲ್ಲ. ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ತೆಗೆದುಹಾಕಿದ್ದು 1967ರಲ್ಲಿ.

ಪೈಪೋಟಿ ಇದ್ದ ಇಬ್ಬರು ಒಂದೇ ಹಾಳೆಯ ಮೇಲೆ ಕೆಲಸ ಮಾಡುವುದು ಹೇಗೆ? ಅವರು ಹಾಳೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇವರು ಸ್ವಲ್ಪ, ಅವರು ಸ್ವಲ್ಪ. ಕೊನೆಗೆ ಯಾವ ಗೆರೆ ಯಾರದು ಅಂತ ಅವರಿಗೇ ಹೇಳಲಾಗುತ್ತಿರಲಿಲ್ಲ. ಇಬ್ಬರ ನಡುವೆ ಹುಟ್ಟಿದ ಆ ಕೈಗೆ ಅವರು ಇಟ್ಟ ಹೆಸರು ‘ಮೂರನೆಯ ಕಲಾವಿದ’. ಮಕ್ಕಳ ಚಿತ್ರಪುಸ್ತಕಕ್ಕೆ ಅಮೆರಿಕದಲ್ಲಿ ಕೊಡುವ ದೊಡ್ಡ ಗೌರವ ಕ್ಯಾಲ್ಡಿಕಾಟ್ ಪದಕ. ಅದು ಇವರಿಗೆ 1976ರಲ್ಲಿ ಬಂತು, 1977ರಲ್ಲೂ ಬಂತು. ಸತತ ಎರಡು ವರ್ಷ ಅದನ್ನು ಬೇರೆ ಯಾರೂ ಪಡೆದಿಲ್ಲ. ನಮ್ಮ ಸ್ಟುಡಿಯೋದಲ್ಲಿ ಮೂರನೆಯವರು ಇಲ್ಲ ಅಂತ ಈಗಷ್ಟೇ ಹೇಳಿದೆನಲ್ಲ, ಆ ಮಾತನ್ನು ವಾಪಸ್ ತಗೊಳ್ಳುತ್ತೇನೆ. ಹುಡುಗಿಯ ಮುಷ್ಟಿಯ ಹತ್ತಿರ ಆ ನೆರಿಗೆ ಇದೆಯಲ್ಲ, ಅದು ಮೂರನೆಯವರ ಕೆಲಸವೇ.

ಆದರೆ ಇಲ್ಲಿ ಒಂದು ನೋವಿನ ವಿಷಯವೂ ಇದೆ. ಇಬ್ಬರೂ ಸೇರಿ ಮಾಡಿದ ಕೆಲಸವನ್ನು ಜನ ಒಬ್ಬರ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಜಾಸ್ತಿ ಸಲ ಗಂಡನ ಲೆಕ್ಕಕ್ಕೆ. ಲಿಯೋ ಗೋಡೆಯ ಮೇಲೆ ನೋಡಿದರಲ್ಲ, ಡಯಾನ್ ಬಿಡಿಸಿದ ಆ ಕುರ್ಚಿ ಈಮ್ಸ್ ಕುರ್ಚಿ. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ರೂಪಿಸಿದ ಕುರ್ಚಿ ಅದು. ಹೆಂಡತಿಯ ಹೆಸರು ರೇ. ರೇ ಚಿತ್ರಕಲೆ ಕಲಿತು ಬಂದವರು. 1940ರ ದಶಕದಲ್ಲಿ ಒಂದು ಪತ್ರಿಕೆಗೆ ಸಾಲು ಸಾಲು ಮುಖಪುಟ ಮಾಡಿದವರು. 1941ರಲ್ಲಿ ಮದುವೆಯಾದ ಮೇಲೆ ಅವರಿಬ್ಬರೂ ವಾಸದ ಮನೆಯಲ್ಲೇ ಪ್ಲೈವುಡ್ ಬಗ್ಗಿಸುವ ಯಂತ್ರ ಕಟ್ಟಿಕೊಂಡು ಪ್ರಯೋಗ ಶುರುಮಾಡಿದರು. ಮುಂದೆ ಭಾರತಕ್ಕೂ ಬಂದರು. 1958ರಲ್ಲಿ ಇಬ್ಬರೂ ಸೇರಿ ಸರ್ಕಾರಕ್ಕೆ ಕೊಟ್ಟ ವರದಿಯಿಂದಲೇ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಇಂಥ ರೇ ಅವರನ್ನು 1956ರಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ಪರಿಚಯಿಸಿದ್ದು ಯಶಸ್ವಿ ಗಂಡಸಿನ ಹಿಂದಿರುವ ಹೆಂಗಸು ಅಂತ. ಹಿಂದೆ ಯಾಕೆ? ಅವರು ಪಕ್ಕದಲ್ಲೇ ಇದ್ದರು. ಇಟಲಿಯ ವಿನ್ಯಾಸಕ ದಂಪತಿ ಲೆಲ್ಲಾ ಮತ್ತು ಮಾಸಿಮೊ ವಿಗ್ನೆಲ್ಲಿ ಅವರದ್ದೂ ಇದೇ ಪಾಡು. ಆದರೆ ಮಾಸಿಮೊ ಸುಮ್ಮನಿರಲಿಲ್ಲ. ತಮ್ಮ ಕೊನೆಗಾಲದಲ್ಲಿ ಹೆಂಡತಿ ಮಾಡಿದ ಕೆಲಸದ ಬಗ್ಗೆಯೇ ಒಂದು ಪುಸ್ತಕ ತಂದರು. ನನಗೆ ಅವರ ಎಲ್ಲ ವಿನ್ಯಾಸಗಳಿಗಿಂತ ಆ ಕೆಲಸದ ಮೇಲೆ ಗೌರವ ಜಾಸ್ತಿ.

ನಮ್ಮ ಮನೆಯಲ್ಲಿ ಈ ಲೆಕ್ಕ ತಪ್ಪಿದ್ದು ಬೇರೆ ಕಡೆ. ಕೊಟೇಶನ್ ಕಳಿಸುವುದು, ಅಡ್ವಾನ್ಸ್ ಕೇಳುವುದು, ಎರಡು ಸಲಕ್ಕಿಂತ ಜಾಸ್ತಿ ತಿದ್ದುಪಡಿ ಆದರೆ ಅದಕ್ಕೆ ಬೇರೆ ದುಡ್ಡು ಅಂತ ಮೊದಲೇ ಬರೆದು ಒಪ್ಪಿಸುವುದು, ಬಿಲ್ ಹಾಕಿ ಎರಡು ತಿಂಗಳಾದರೂ ಬಾರದ ಹಣಕ್ಕೆ ಫೋನ್ ಮಾಡುವುದು. ವರ್ಷಗಟ್ಟಲೆ ಇದೆಲ್ಲ ನಾನೇ ಮಾಡುತ್ತಿದ್ದೆ. ಯಾರೂ ನನಗೆ ವಹಿಸಿರಲಿಲ್ಲ, ಹಾಗೇ ಬಂದುಬಿಟ್ಟಿತ್ತು. ಅದು ಹಾಗೇ ನಡೆದು, ನಾನು ಪೆನ್ಸಿಲ್ ಹಿಡಿಯುವ ಹೊತ್ತೇ ಕಮ್ಮಿಯಾಯಿತು. ಒಂದು ದಿನ ಯಾರೋ “ಇದನ್ನ ಬಿಡಿಸಿದ್ದು ಯಾರು” ಅಂದಾಗ “ಅವರೇ” ಅಂದೆ. ನಿಜವಾಗಿಯೂ ಅವರೇ ಬಿಡಿಸಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೇಳಿಕೊಂಡೆ. ಅವರಿಗೆ ನಿಜಕ್ಕೂ ಗೊತ್ತೇ ಇರಲಿಲ್ಲ. ಈಗ ಒಂದು ತಿಂಗಳು ಹಣಕಾಸಿನ ಕೆಲಸ ನನ್ನದು, ಮುಂದಿನ ತಿಂಗಳು ಅವರದು. ಅವರಿಗೆ ದುಡ್ಡು ಕೇಳಲು ಸಂಕೋಚ. ಮೊದಮೊದಲು ಫೋನ್ ಹಿಡಿದುಕೊಂಡು ಕೋಣೆಯೆಲ್ಲ ಸುತ್ತುತ್ತಿದ್ದರು. ಆದರೂ ಬಿಡಲಿಲ್ಲ, ಮಾಡಿದರು.

ಇಬ್ಬರಿದ್ದಾಗ ಇನ್ನೊಂದು ಅಪಾಯ ಇದೆ. ಒಂದು ಮುಖಪುಟ ಮಾಡಿದ್ದೆವು, ಹೊಳೆಯುವ ನೀಲಿ. ಪರದೆ ಬಣ್ಣ ತೋರಿಸುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ. ಅಚ್ಚಿನ ಮನೆಯಲ್ಲಿ ಇರುವುದು ನಾಲ್ಕು ಶಾಯಿ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಪರದೆಯ ಕೆಲವು ನೀಲಿಗಳು ಈ ಶಾಯಿಗೆ ಎಟುಕುವುದಿಲ್ಲ. ಅದಕ್ಕೇ ಫೈಲನ್ನು ಮೊದಲೇ ಸಿಎಂವೈಕೆಗೆ, ಅಂದರೆ ಈ ನಾಲ್ಕು ಶಾಯಿಯ ಬಣ್ಣಕ್ಕೆ, ಬದಲಿಸಿ, ಬಣ್ಣ ಎಷ್ಟು ಮಂಕಾಗುತ್ತದೆ ಅಂತ ಕಣ್ಣಾರೆ ನೋಡಿ ಸರಿಮಾಡಬೇಕು. ಇಬ್ಬರಿಗೂ ಇದು ಅ ಆ ಇ ಈ. ಆದರೂ ಬದಲಿಸದ ಫೈಲೇ ಅಚ್ಚಿಗೆ ಹೋಯಿತು. ನೀನು ಮಾಡಿರ್ತೀಯ ಅಂತ ಅವರು, ನೀವು ಮಾಡಿರ್ತೀರ ಅಂತ ನಾನು. ಕಟ್ಟು ಬಿಚ್ಚಿದರೆ ನೀಲಿಯ ಜಾಗದಲ್ಲಿ ಮಾಸಿದ ನೇರಳೆ. ಮತ್ತೆ ಅಚ್ಚು ಹಾಕಿಸಲು ನಮ್ಮ ಕೈಯಿಂದಲೇ ದುಡ್ಡು ಕೊಟ್ಟೆವು. ಅಂದಿನಿಂದ ಚಿತ್ರಕ್ಕೆ ಕೊನೆಯ ಕೈ ಹಚ್ಚಿದವರು ಅದನ್ನು ಕಳಿಸುವ ಹಾಗಿಲ್ಲ. ಇನ್ನೊಬ್ಬರು ಹೊಸದಾಗಿ ತೆರೆದು, ಬಣ್ಣ, ಅಳತೆ, ಸುತ್ತ ಮೂರು ಮಿಲಿಮೀಟರ್ ಬ್ಲೀಡ್ (ಹಾಳೆ ಕತ್ತರಿಸುವಾಗ ಹೋಗಲಿ ಅಂತ ಬಿಡುವ ಹೆಚ್ಚುವರಿ ಅಂಚು), ಅಕ್ಷರದ ತಪ್ಪು ಎಲ್ಲ ನೋಡಿಯೇ ಕಳಿಸಬೇಕು.

ಹೆಸರಿನ ವಿಷಯಕ್ಕೆ ಬಂದರೆ, ಕಾನೂನು ನಮಗಿಂತ ಮೊದಲೇ ಇದನ್ನು ಯೋಚಿಸಿದೆ. ಯಾರ ಪಾಲು ಯಾವುದು ಅಂತ ಬಿಡಿಸಿ ಹೇಳಲಾಗದ ಕೆಲಸಕ್ಕೆ ಜಂಟಿ ಕೃತಿ ಅನ್ನುತ್ತಾರೆ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ, ಕಲಾವಿದರು ತೀರಿಕೊಂಡ ಮೇಲೆ ಹಕ್ಕು ಎಷ್ಟು ವರ್ಷ ಉಳಿಯುತ್ತದೆ ಅನ್ನುವ ಲೆಕ್ಕ ಅಂಥ ಕೃತಿಗೆ ಶುರುವಾಗುವುದು ಇಬ್ಬರಲ್ಲಿ ಕೊನೆಗೆ ಉಳಿದವರು ತೀರಿಕೊಂಡ ಮೇಲೆ. ಒಬ್ಬರು ಇರುವ ತನಕ ಇಬ್ಬರೂ ಇದ್ದ ಹಾಗೆ. ಇದನ್ನು ಮೊದಲ ಸಲ ಓದಿದಾಗ ನಾನು ಅವರನ್ನು ಕರೆದು, ಗಟ್ಟಿಯಾಗಿ ಇನ್ನೊಮ್ಮೆ ಓದಿದೆ. ಅವರು ಏನೂ ಹೇಳಲಿಲ್ಲ. ಅವತ್ತು ಮುಗಿಸುತ್ತಿದ್ದ ಚಿತ್ರದ ಮೂಲೆಯಲ್ಲಿ ತಮ್ಮ ಸಹಿ ಹಾಕಿ, ಪಕ್ಕದಲ್ಲಿ ನನಗೆ ಜಾಗ ಬಿಟ್ಟು ಪೆನ್ನು ಕೊಟ್ಟರು.

ಈಗ ಹೊಸದೊಂದು ಮುಖಪುಟ ನಡೆಯುತ್ತಿದೆ. ಮಳೆಯಲ್ಲಿ ನಿಂತ ಆನೆ. ನಾನು ಇಲ್ಲಿಗೆ ಹೊರಟಾಗ ಪೆನ್ಸಿಲ್ ಕೆಲಸ ಮುಗಿಸಿ ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಇಷ್ಟು ಹೊತ್ತಿಗೆ ಅದು ಎಷ್ಟು ಬದಲಾಗಿದೆಯೋ, ಹೋಗಿ ನೋಡಬೇಕು. ನಮಸ್ಕಾರ.